ಮೀನೂಟದ ಖಾನಾವಳಿಯ ಪೈಪ್ ಪದೇ ಪದೇ ಕಟ್ಟಿಕೊಳ್ಳುತ್ತಿದೆ, ಏನು ಮಾಡಲಿ?

ಕಾರವಾರದ ಖಾನಾವಳಿಯವ:
ಪಾತ್ರೆ ತೊಳೆಯುವ ಸಿಂಕಿನ ಪೈಪ್ ಸರಿಯಾಗಿ ಮಧ್ಯಾಹ್ನದ ಊಟದ ಗದ್ದಲದಲ್ಲೇ ಕಟ್ಟಿಕೊಳ್ಳುತ್ತದೆ. ಮೀನಿನ ಹುರುಪೆಯೇ ಕಾರಣವೆಂದು ಮೀನನ್ನು ಹಿತ್ತಲಿನಲ್ಲಿ ತೊಳೆಯತೊಡಗಿದೆವು, ಗುಣ ಕಾಣಲಿಲ್ಲ. ಗ್ರೀಸ್ ಟ್ರ್ಯಾಪ್ (ತೊಳೆದ ನೀರಿನಿಂದ ಜಿಡ್ಡನ್ನು ಬೇರ್ಪಡಿಸುವ ತೊಟ್ಟಿ) ಇದೆ. ಸಿಂಕಿನ ಕೆಳಗೆ ಕಸ ಅರೆಯುವ ಗ್ರೈಂಡರ್ ಹಾಕಿಸಿ ಎನ್ನುತ್ತಾರೆ ಅಂಗಡಿಯವರು. ಹಾಕಿಸಲೇ?

ಕುಮಟಾದ ಪ್ಲಂಬರ್:
ಬೇಡ. ಅರೆದ ಮಾತ್ರಕ್ಕೆ ಕಸ ಮಾಯವಾಗುವುದಿಲ್ಲ, ಟ್ರ್ಯಾಪಿನ ತಳಕ್ಕೆ ಹೋಗಿ ಕೂರುತ್ತದೆ. ನೀರು ಒಂದಿಷ್ಟು ಹೊತ್ತು ನಿಂತರೆ ತಾನೇ ಜಿಡ್ಡು ಮೇಲೆ ತೇಲುವುದು? ತಳ ತುಂಬಿದಷ್ಟೂ ನೀರು ನಿಲ್ಲುವ ಜಾಗ ಕುಗ್ಗಿ, ಜಿಡ್ಡು ನೇರವಾಗಿ ಪೈಪಿಗೆ ಇಳಿಯುತ್ತದೆ. ಕೊಳೆತ ವಾಸನೆ ಗಿರಾಕಿಗಳಿಗೆ ಉಚಿತ.
ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ಜೂನ್–ಜುಲೈನಲ್ಲಿ, ಮೀನು ಕಡಿಮೆ ಇರುವಾಗಲೂ ಹೀಗೇ ಆಗುತ್ತದೆಯೇ?

ಕಾರವಾರದ ಖಾನಾವಳಿಯವ:
ಆಗಲೂ ಅಷ್ಟೇ.

ಕುಮಟಾದ ಪ್ಲಂಬರ್:
ಹಾಗಿದ್ದರೆ ಹುರುಪೆಯ ಮೇಲೆ ಗೂಬೆ ಕೂರಿಸಬೇಡಿ. ನನ್ನ ಅನುಮಾನ ಕುಚ್ಚಲಕ್ಕಿ ಅನ್ನದ ಮೇಲೆ, ಸೋಲ್‌ಕಡಿಗೆ ಹಾಲು ಹಿಂಡಿ ಉಳಿದ ತೆಂಗಿನತುರಿಯ ಮೇಲೆ. ಅಗುಳು ನೀರಿನಲ್ಲಿ ಉಬ್ಬುತ್ತದೆ, ಗಂಜಿ ತಣಿದು ಅಂಟಾಗುತ್ತದೆ, ತುರಿ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ನೀರು ತಾಗುವ ಮೊದಲೇ ತಟ್ಟೆಯನ್ನು ಬಕೆಟ್‌ಗೆ ಕೆರೆಯಿರಿ. ಸಿಂಕಿನ ಬಾಯಿಗೆ ಸ್ಟೀಲ್ ಜಾಲರಿ ಇರಲಿ, ಸಿಂಕಿಗೂ ಟ್ರ್ಯಾಪಿಗೂ ನಡುವೆ ಎತ್ತಿ ಖಾಲಿ ಮಾಡುವಂಥ ಜಾಲರಿ ಬುಟ್ಟಿ ಇರಲಿ. ಜಾಲರಿಯಾಗಲಿ ಬುಟ್ಟಿಯಾಗಲಿ, ಎರಡೆರಡು ಕೊಳ್ಳಿ. ನೀರು ಇಳಿಯುತ್ತಿಲ್ಲವೆಂದು ಹುಡುಗರು ಜಾಲರಿಯನ್ನೇ ತೆಗೆದು ಪಕ್ಕಕ್ಕಿಡುತ್ತಾರೆ. ನಾನು ಹೋದ ಕಡೆಯೆಲ್ಲ ಅದು ಕಿಟಕಿಯ ಮೇಲೆಯೇ ಸಿಗುತ್ತದೆ! ಒಂದನ್ನು ತೆಗೆದ ಕೈ ಇನ್ನೊಂದನ್ನು ಕೂರಿಸಬೇಕು.

ಶಿರಸಿಯ ಅಡುಗೆಯವ:
ನಮ್ಮದು ಮದುವೆ ಊಟ, ಮೀನಿನ ಸುದ್ದಿಯೇ ಇಲ್ಲ. ಉಂಡ ಬಾಳೆಲೆ ಗೊಬ್ಬರದ ಗುಂಡಿಗೆ ಹೋಗುತ್ತದೆ, ತಾಪತ್ರಯವೆಲ್ಲ ಹಂಡೆ ತೊಳೆಯುವಲ್ಲಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ಇಲ್ಲಿನ ಚಳಿಗಾಲದ ಬೆಳಗ್ಗೆ ಪೈಪಿನೊಳಗೇ ಹೆಪ್ಪುಗಟ್ಟುತ್ತದೆ. ಬಿಸಿನೀರು ಸುರಿದರೆ ಕರಗಿ ಮುಂದೆ ಹೋಗಿ ಮತ್ತೆ ಹೆಪ್ಪುಗಟ್ಟುತ್ತದೆ, ಅಷ್ಟೇ. ಹಂಡೆಯ ಜಿಡ್ಡನ್ನು ಮೊದಲು ಹಳೆಯ ಪತ್ರಿಕೆಯಿಂದ ಒರೆಸಿ ತೆಗೆಯಿರಿ.

ಕಾರವಾರದ ಖಾನಾವಳಿಯವ:
ಜಾಲರಿ ಬುಟ್ಟಿಯ ತೂತು ಎಷ್ಟು ದೊಡ್ಡದಿರಬೇಕು?

ಕುಮಟಾದ ಪ್ಲಂಬರ್:
3 ಮಿಲಿಮೀಟರ್ ಮೀರದಿರಲಿ. ಕೊಳ್ಳುವಾಗ ಅಂಗಡಿಗೆ ನಾಲ್ಕು ಅಗುಳು ಕಟ್ಟಿಕೊಂಡು ಹೋಗಿ, ದಾಟುತ್ತವೆಯೇ ನೋಡಿ.