ಪಾಂಡವಪುರವೋ ನಾಗಮಂಗಲವೋ: ಆಪತ್ಕಾಲಕ್ಕೂ ಒದಗುವ ಎರಡು ಎಕರೆ ಎಲ್ಲಿ?

ಪ್ರಶ್ನೆ (ಮೈಸೂರಿನ ನಿವಾಸಿ)

ಮುಂದಿನ ವರ್ಷ ನಿವೃತ್ತಿಯಾದ ಮೇಲೆ ನಾನೂ ನನ್ನ ಹೆಂಡತಿಯೂ ಮಂಡ್ಯ ಜಿಲ್ಲೆಯಲ್ಲಿ ಎರಡು ಎಕರೆ ಕೊಂಡು, ಊಟಕ್ಕೆ ಬೇಕಾದುದನ್ನು ನಾವೇ ಬೆಳೆದುಕೊಂಡು ಅಲ್ಲಿಯೇ ನೆಲೆಸಬೇಕೆಂದಿದ್ದೇವೆ. 2020ರ ಲಾಕ್‌ಡೌನ್‌ನಲ್ಲಿ ಹಾಲು, ತರಕಾರಿಗೂ ದಾರಿ ಕಾಯಬೇಕಾಗಿ ಬಂದಂದಿನಿಂದ ಈ ಯೋಚನೆ ಗಟ್ಟಿಯಾಗಿದೆ. ಹದಿನೈದು ದಿನ ಕರೆಂಟ್ ಇಲ್ಲದಿದ್ದರೂ, ಒಂದು ವರ್ಷ ಮಳೆ ಕೈಕೊಟ್ಟರೂ ಮನೆ ನಡೆಯಬೇಕು. ಪಾಂಡವಪುರದ ಬಳಿ ನಾಲೆಯ ಕೆಳಗಿನ ಗದ್ದೆಯೊಂದನ್ನೂ ನಾಗಮಂಗಲದ ಕಡೆ ಕೊಳವೆಬಾವಿ ಇರುವ ಹೊಲವೊಂದನ್ನೂ ನೋಡಿ ಬಂದಿದ್ದೇವೆ. ಗದ್ದೆಯ ಹಸಿರು ಮನಸ್ಸನ್ನು ಅತ್ತಲೇ ಎಳೆಯುತ್ತಿದೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಪಾಂಡವಪುರದ ರೈತ)

ತಾವು ಬಂದಾಗ ನಾಲೆಯಲ್ಲಿ ನೀರಿತ್ತೆಂದು ಕಾಣುತ್ತದೆ, ಸರ್. ವಿಶ್ವೇಶ್ವರಯ್ಯ ನಾಲೆಗೆ ನೀರು ಬರುವುದು ಕನ್ನಂಬಾಡಿ (ಕೆ.ಆರ್.ಎಸ್.) ಅಣೆಕಟ್ಟೆಯಿಂದ; ಅಲ್ಲಿ ನೀರು ಪೂರ್ಣಮಟ್ಟವಾದ 124.80 ಅಡಿ ಮುಟ್ಟುವುದು ಕೊಡಗಿನ ಮಳೆಯನ್ನು ಅವಲಂಬಿಸಿದೆ. 2023ರಲ್ಲಿ ಅಣೆಕಟ್ಟೆ ತುಂಬಲಿಲ್ಲ, ಮರುಬೇಸಿಗೆಯಲ್ಲಿ ನನ್ನ ಗದ್ದೆ ಅಂಗೈ ತೂರುವಷ್ಟು ಬಿರುಕು ಬಿಟ್ಟಿತ್ತು. ಆದ್ದರಿಂದ ಏಪ್ರಿಲ್ ಕೊನೆಯಲ್ಲಿ ಇನ್ನೊಮ್ಮೆ ಬಂದು, ಅಕ್ಕಪಕ್ಕದ ತೆರೆದ ಬಾವಿಗೆ ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟು, ಎಷ್ಟು ಮೊಳ ಒದ್ದೆಯಾಗಿ ಮೇಲೆ ಬಂತೆಂದು ಅಳೆದು ನೋಡಿ. ಆಮೇಲೆ ಮುಂಗಡದ ಮಾತಾಡಿ.

ಉತ್ತರ (ನಾಗಮಂಗಲದ ಗೃಹಿಣಿ)

ನಮ್ಮ ತಾಲ್ಲೂಕನ್ನು ಬರಡು ಸೀಮೆಯೆಂದು ಕೈಬಿಡಬೇಡಿ. 100 ಚದರ ಮೀಟರ್ ತಾರಸಿಯ ಮೇಲೆ 600 ಮಿಲಿಮೀಟರ್ ಮಳೆ ಬಿದ್ದರೆ 60,000 ಲೀಟರ್. ಕಾಲುಭಾಗ ನಷ್ಟವಾದರೂ 45,000 ಉಳಿಯುತ್ತದೆ. ಕುಡಿಯುವುದಕ್ಕೂ ಅಡುಗೆಗೂ ದಿನಕ್ಕೆ 20 ಲೀಟರ್ ಎಂದರೆ ಇಬ್ಬರಿಗೆ ವರ್ಷಕ್ಕೆ 7,300 ಲೀಟರ್ ಸಾಕು. 10,000 ಲೀಟರ್‌ನ ತೊಟ್ಟಿಯೊಂದನ್ನು ಕಟ್ಟಿಸಿದರೆ ಕರೆಂಟ್ ಹೋದರೂ ಬಿಂದಿಗೆಯಲ್ಲಿ ಮೊಗೆದುಕೊಳ್ಳಬಹುದು. ಕೊಳವೆಬಾವಿಯ ನೀರನ್ನು ಕುಡಿಯುವುದಾದರೆ ಮೊದಲು ಫ್ಲೋರೈಡ್ ಪರೀಕ್ಷೆ ಮಾಡಿಸಿ; ಲೀಟರ್‌ಗೆ 1.5 ಮಿಲಿಗ್ರಾಂ ಮೀರಿದ್ದರೆ ಬೇಡವೇ ಬೇಡ.

ಇನ್ನು ಊಟದ ವಿಷಯ. ಮಳೆಯಾಶ್ರಯದಲ್ಲಿ ರಾಗಿ, ಅದರ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ ಬೆಳೆಯುವ ನೆಲವಿದು. ಚೆನ್ನಾಗಿ ಒಣಗಿದ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ನಮ್ಮ ತಾತನ ಕಾಲದಲ್ಲಿ ಅದನ್ನು ಹಗೇವಿನಲ್ಲಿ, ಎಂದರೆ ನೆಲದೊಳಗೆ ತೋಡಿದ ಕಣಜದಲ್ಲಿ, ಇಡುತ್ತಿದ್ದರು. ತೆರೆದ ದಿನವೇ ಯಾರನ್ನೂ ಇಳಿಸುತ್ತಿರಲಿಲ್ಲ. ಬಾಯಿ ತೆಗೆದು ಗಾಳಿಯಾಡಲು ಬಿಟ್ಟು, ಹಗ್ಗದಲ್ಲಿ ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಈಗ ನಾನು ತಗಡಿನ ಡ್ರಮ್ಮಿನಲ್ಲಿ ಬೇವಿನ ಸೊಪ್ಪು ಹಾಕಿ ಎರಡು ವರ್ಷದ ರಾಗಿ ಇಟ್ಟುಕೊಂಡಿದ್ದೇನೆ. ನಮ್ಮ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ಆಸ್ಪತ್ರೆ ಇರುವುದೂ ವಯಸ್ಸಾದವರಿಗೆ ದೊಡ್ಡ ಧೈರ್ಯ.

ಉತ್ತರ (ಮಂಡ್ಯದ ಪತ್ರ ಬರಹಗಾರ)

2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಆದರೆ ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ, 1978ರ ಕಾಯ್ದೆಯಂತೆ ಅನುಮತಿಯಿಲ್ಲದ ಕ್ರಯ ನಿಲ್ಲುವುದಿಲ್ಲ. ಪಹಣಿಯ ಜೊತೆ ಮೂಲ ಮಂಜೂರಾತಿಯನ್ನೂ ನೋಡಿ. ದಾರಿಯ ಬಗ್ಗೆ ಬಾಯಿಮಾತು ನಂಬಬೇಡಿ. ಗ್ರಾಮನಕಾಶೆಯಲ್ಲಿ ದಾರಿ ಕಾಣಿಸದಿದ್ದರೆ, ಪಕ್ಕದವರು ಬೇಲಿ ಹಾಕಿದ ದಿನ ನಿಮ್ಮ ಮನೆಗೆ ಆಂಬುಲೆನ್ಸ್ ಬರುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರಗಳು. ಗದ್ದೆಗೆ ಈ ವಾರವೇ ಕೊಡಬೇಕೆಂದಿದ್ದ ಮುಂಗಡವನ್ನು ತಡೆಹಿಡಿದಿದ್ದೇನೆ. ಏಪ್ರಿಲ್‌ನಲ್ಲಿ ಎರಡೂ ಕಡೆಗೆ ಹಗ್ಗ ಹಿಡಿದು ಬರುತ್ತೇವೆ. ನಾಗಮಂಗಲದ ಅಮ್ಮನವರು ಒಪ್ಪಿದರೆ ಅವರ ತೊಟ್ಟಿಯನ್ನು ನನ್ನ ಹೆಂಡತಿ ಕಣ್ಣಾರೆ ನೋಡಬೇಕೆನ್ನುತ್ತಿದ್ದಾಳೆ.