ಮೂರೂ ಫೇಸ್ ಸಮವಾಗಿದ್ದರೂ ನ್ಯೂಟ್ರಲ್ ತಂತಿ ಬಿಸಿಯಾಗುವುದೇಕೆ?

ಪ್ರಶ್ನೆ (ಸಂತೆಕಟ್ಟೆ, ಉಡುಪಿ)
ನಮ್ಮ ಶೆಡ್ಡಿನಲ್ಲಿ ರಾತ್ರಿ ಆರು ಎಲೆಕ್ಟ್ರಿಕ್ ಆಟೋಗಳು ಚಾರ್ಜ್ ಆಗುತ್ತವೆ. 48 ವೋಲ್ಟ್, 15 ಆಂಪಿಯರ್‌ನ ಹಳೆಯ ಚಾರ್ಜರ್‌ಗಳನ್ನು ಫೇಸಿಗೆ ಎರಡರಂತೆ ಹಂಚಿದ್ದೇವೆ. ಎಲ್ಲವೂ ಚಾಲೂ ಇರುವಾಗ ಪ್ರತಿ ಫೇಸಿನಲ್ಲಿ 11 ಆಂಪಿಯರ್ ಇದ್ದರೆ, ನ್ಯೂಟ್ರಲ್‌ನಲ್ಲಿ ಕ್ಲ್ಯಾಂಪ್ ಮೀಟರ್ 17 ತೋರಿಸುತ್ತದೆ. ಬೋರ್ಡಿನ ಬಳಿ ವಯರ್ ಕಾದ ವಾಸನೆಯೂ ಬರುತ್ತದೆ. ಲೋಡ್ ಸಮವಾಗಿದ್ದರೆ ನ್ಯೂಟ್ರಲ್‌ನಲ್ಲಿ ಕರೆಂಟ್ ಇರುವುದಿಲ್ಲವೆಂದು ಐಟಿಐಯಲ್ಲಿ ಕಲಿತವನು ನಾನು. ಪವರ್ ಫ್ಯಾಕ್ಟರ್ (ಎಳೆದ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಕಡಿಮೆಯಿದೆ, ಕೆಪಾಸಿಟರ್ ಹಾಕಿಸಿ ಎಂದು ಒಬ್ಬರು ಸಲಹೆ ಕೊಟ್ಟಿದ್ದಾರೆ. ಹಾಕಿಸಬಹುದೇ?

ಉತ್ತರ 1 (ಮಣಿಪಾಲ)
ನಿಮ್ಮ ಮೀಟರ್ ಸರಿಯಾಗಿಯೇ ತೋರಿಸುತ್ತಿದೆ. ಇಂಥ ಚಾರ್ಜರ್‌ನಲ್ಲಿ ಎಸಿಯನ್ನು ಡಿಸಿ ಮಾಡುವ ಡಯೋಡ್ ಬ್ರಿಡ್ಜ್, ಅದರ ಹಿಂದೆಯೇ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್ ಇರುತ್ತದೆ. ಆ ಕೆಪಾಸಿಟರ್ ಆಗಲೇ ಬಹುಪಾಲು ತುಂಬಿರುವುದರಿಂದ, 230 ವೋಲ್ಟಿನ ಅಲೆ ತನ್ನ ತುದಿಯಾದ 325 ವೋಲ್ಟನ್ನು ಸಮೀಪಿಸಿದಾಗ ಮಾತ್ರ ಚಾರ್ಜರ್ ಲೈನಿನಿಂದ ಕರೆಂಟ್ ಎಳೆದು, ಉಳಿದ ಹೊತ್ತು ಸುಮ್ಮನಿರುತ್ತದೆ. ಆಸಿಲೋಸ್ಕೋಪಿನಲ್ಲಿ ದುಂಡನೆಯ ಅಲೆಯ ಬದಲು ಮೇಲೊಂದು, ಕೆಳಗೊಂದು ಚೂಪು ಮೊನೆ ಕಾಣುತ್ತದೆ. ಆ ಮೊನೆಯೊಳಗೆ 50 ಹರ್ಟ್ಸ್ ಜೊತೆಗೆ 150, 250, 350 ಹರ್ಟ್ಸ್‌ನ ಹಾರ್ಮೋನಿಕ್‌ಗಳಿವೆ (ಮೂಲ ಅಲೆಯ 3, 5, 7 ಪಟ್ಟು ವೇಗದ ಅಲೆಗಳು). ಮೂರು ಫೇಸಿನ 50 ಹರ್ಟ್ಸ್ ಕರೆಂಟುಗಳು 120 ಡಿಗ್ರಿ ಅಂತರದಲ್ಲಿರುವುದರಿಂದ ನ್ಯೂಟ್ರಲ್‌ನಲ್ಲಿ ಒಂದನ್ನೊಂದು ಅಳಿಸುತ್ತವೆ. 150 ಹರ್ಟ್ಸ್‌ಗೆ ಅದೇ ಅಂತರ ಮೂರು ಪಟ್ಟಾಗಿ 360 ಡಿಗ್ರಿ, ಅಂದರೆ ಅಂತರವೇ ಇಲ್ಲ. ಮೂರೂ ಕೂಡಿಕೊಂಡು ನ್ಯೂಟ್ರಲ್‌ಗೆ ಬರುತ್ತವೆ. ಇಂಥ ಲೋಡಿನಲ್ಲಿ ನ್ಯೂಟ್ರಲ್ ಕರೆಂಟ್ ಫೇಸ್ ಕರೆಂಟಿನ 1.73 ಪಟ್ಟಿನವರೆಗೂ ಏರಬಲ್ಲದು.

ಉತ್ತರ 2 (ಸುರತ್ಕಲ್)
ಕೆಪಾಸಿಟರ್ ದಯವಿಟ್ಟು ಹಾಕಿಸಬೇಡಿ. ತೋಟದ ಪಂಪಿನಲ್ಲಿ ಕರೆಂಟ್ ವೋಲ್ಟೇಜಿಗಿಂತ ಹಿಂದೆ ಬೀಳುವುದರಿಂದ ಅಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಇಲ್ಲಿ ಕೆಟ್ಟಿರುವುದು ಕರೆಂಟಿನ ಆಕಾರ. ಹಾರ್ಮೋನಿಕ್‌ಗಳು ಕೆಪಾಸಿಟರಿನೊಳಗೆ ಸುಲಭವಾಗಿ ನುಗ್ಗುತ್ತವೆ, ಟ್ರಾನ್ಸ್‌ಫಾರ್ಮರಿನೊಂದಿಗೆ ಅನುರಣನವಾದರೆ (ಎರಡೂ ಒಂದೇ ಲಯಕ್ಕೆ ಬಂದು ಆ ಕರೆಂಟ್ ಇನ್ನಷ್ಟು ಏರಿದರೆ) ಕೆಪಾಸಿಟರ್ ಉಬ್ಬಿ ಒಡೆಯಲೂಬಹುದು.

ತಿದ್ದುಪಡಿ ಚಾರ್ಜರ್‌ನೊಳಗೇ ಆಗಬೇಕು. ಪವರ್ ಫ್ಯಾಕ್ಟರ್ ತಿದ್ದುವ ಬೂಸ್ಟ್ ಸರ್ಕ್ಯೂಟ್ ಬ್ರಿಡ್ಜಿಗೂ ಕೆಪಾಸಿಟರಿಗೂ ನಡುವೆ ಇದ್ದು, ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಆನ್-ಆಫ್ ಆಗುತ್ತ, ಕರೆಂಟನ್ನು ವೋಲ್ಟೇಜಿನ ಅಲೆಗೆ ಸರಿಹೊಂದುವಂತೆ ಎಳೆಯುತ್ತದೆ. ನಿಮ್ಮ ಒಂದು ಚಾರ್ಜರ್ ಈಗ 5.5 ಆಂಪಿಯರ್ ಎಳೆಯುತ್ತಿದೆ. ಪವರ್ ಫ್ಯಾಕ್ಟರ್ ಈಗ 0.65 ಎಂದಿಟ್ಟುಕೊಂಡರೆ, 0.99 ಆದಾಗ ಅದೇ ಕೆಲಸಕ್ಕೆ 3.6 ಸಾಕು. ಯೂನಿಟ್ ಲೆಕ್ಕದ ಬಿಲ್ ಇದರಿಂದ ಹೆಚ್ಚೇನೂ ಇಳಿಯದು, ಆದರೆ ತಂತಿ ಉಳಿಯುತ್ತದೆ. ಕೊಳ್ಳುವಾಗ ಹಾರ್ಮೋನಿಕ್‌ಗಳಿಗೆ ಮಿತಿ ಹಾಕುವ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 61000-3-2ರ ಪರೀಕ್ಷಾ ವರದಿಯನ್ನು ಕೇಳಿ ಪಡೆಯಿರಿ.

ಉತ್ತರ 3 (ಮಂಗಳೂರು, ವಯರಿಂಗ್ ಕೆಲಸ)
ಚಾರ್ಜರ್ ಬದಲಾಗುವವರೆಗೆ ಕಾಯಬೇಡಿ. ವಾಸನೆ ಬರುತ್ತಿದೆಯೆಂದರೆ ಇಂದಿನಿಂದಲೇ ಒಮ್ಮೆಗೆ ಮೂರು ಗಾಡಿ ಮಾತ್ರ ಹಾಕಿ, ಲೈನ್ ಬಂದ್ ಮಾಡಿಸಿ ನ್ಯೂಟ್ರಲ್ ಲಿಂಕನ್ನು (ನ್ಯೂಟ್ರಲ್ ತಂತಿಗಳೆಲ್ಲ ಸ್ಕ್ರೂನಿಂದ ಸೇರುವ ಪಟ್ಟಿ) ಪರಿಶೀಲಿಸಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಹಿತ್ತಾಳೆಯ ಸ್ಕ್ರೂ ಕಿಲುಬು ಹಿಡಿಯುತ್ತದೆ. ಮೂರು ಫೇಸಿನ ಬೋರ್ಡಿನಲ್ಲಿ ನ್ಯೂಟ್ರಲ್ ಕಡಿದುಹೋದರೆ ಯಾವುದಾದರೊಂದು ಫೇಸಿನ ಉಪಕರಣಗಳ ಮೇಲೆ 400 ವೋಲ್ಟಿನ ಸಮೀಪದವರೆಗೂ ಬರಬಹುದು. ಫೇಸಿಗಿಂತ ದಪ್ಪದ ನ್ಯೂಟ್ರಲ್ ತಂತಿ ಎಳೆಸಿಕೊಳ್ಳಿ.

ಪ್ರಶ್ನೆ ಕೇಳಿದವರು
ತಮಗೆಲ್ಲರಿಗೂ ಧನ್ಯವಾದಗಳು. ಇಂದು ಬೋರ್ಡ್ ತೆರೆಸಿದೆವು: ಲಿಂಕಿನ ಎರಡು ಸ್ಕ್ರೂಗಳು ಹಸಿರುಗಟ್ಟಿದ್ದವು, ಒಂದರ ಬಳಿ ತಂತಿಯ ಕಪ್ಪು ಹೊದಿಕೆ ಕರಗಿ ಅಂಟಿಕೊಂಡಿತ್ತು. ಲಿಂಕ್ ಬದಲಿಸಿ, 10 ಚದರ ಮಿಲಿಮೀಟರಿನ ತಾಮ್ರದ ನ್ಯೂಟ್ರಲ್ ಎಳೆಸಿದ್ದೇವೆ. ಫೇಸಿಗೊಂದರಂತೆ ಮೂರೇ ಗಾಡಿ ಹಾಕಿದಾಗ ನ್ಯೂಟ್ರಲ್‌ನಲ್ಲಿ 8.5 ಆಂಪಿಯರ್ ಇದೆ. ಕೆಪಾಸಿಟರ್ ಬೇಡವೆಂದು ಹೇಳಿದ್ದೇನೆ. ಆ ಹಣದಲ್ಲಿ ಮೊದಲ ಹೊಸ ಚಾರ್ಜರ್ ತರುತ್ತೇವೆ.