ಕ್ಷಮಿಸು ಅಂತ ಕಲಿಸಿದ್ದು ನನಗೇ ತಿರುಗಿದೆ, ಏನು ಮಾಡಲಿ?

ಕೌಲ್‌ಬಜಾರ್ ಅಮ್ಮ:
ಎಲ್ಲರಿಗೂ ವಂದನೆ. ಬಳ್ಳಾರಿ ಬಿಸಿಲು ಗೊತ್ತಲ್ವಾ, ಮನೆಯಲ್ಲಿರುವುದು ಒಂದೇ ಕೂಲರ್, ಅದರ ಮುಂದೆ ಯಾರು ಮಲಗಬೇಕು ಅಂತ ದಿನಾ ರಾತ್ರಿ ಜಗಳ. ಮಗನಿಗೆ 9 ವರ್ಷ, ಮಗಳಿಗೆ 6. ಇಷ್ಟು ದಿನ ಇಬ್ಬರನ್ನೂ ನಿಲ್ಲಿಸಿ ಸಾರಿ ಹೇಳಿಸಿ, ಕ್ಷಮಿಸಿದೆ ಅನ್ನಿಸಿ, ಪ್ರಾರ್ಥನೆ ಮಾಡಿಸಿ ಮಲಗಿಸುತ್ತಿದ್ದೆ. ಮೊನ್ನೆ ಮಗಳು ಅಣ್ಣನ ಕೈ ಕಚ್ಚಿದಳು. ಹಲ್ಲಿನ ಗುರುತು ಮೂಡಿತ್ತು. ಅವನು ಅಳುತ್ತಿದ್ದರೆ ಇವಳು, "ಯೇಸಪ್ಪ ಏಳೆಪ್ಪತ್ತು ಸಲ ಕ್ಷಮಿಸು ಅಂದಿದ್ದಾರೆ, ಇದಿನ್ನೂ ಒಂದನೇ ಸಲ" ಅಂದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ರಾಯಚೂರು ಟೀಚರ್:
ಸಿಸ್ಟರ್, ನಗು ಬಂತು, ಬೇಜಾರಾಗಬೇಡಿ. ನಾನು ಸಂಡೇ ಸ್ಕೂಲ್ ತಗೊಳ್ಳುತ್ತೇನೆ. ನಾವೆಲ್ಲ ಕ್ಷಮಿಸುವವರ ಪಾಠ ಮಾತ್ರ ಹೇಳುತ್ತೇವೆ, ತಪ್ಪು ಮಾಡಿದವರ ಪಾಠ ಹೇಳುವುದೇ ಇಲ್ಲ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ಅಂದರೆ ಕುಳ್ಳ, ಯೇಸುವನ್ನು ನೋಡೋಕೆ ಮರ ಹತ್ತಿದ, ಅಲ್ಲಿಗೆ ಕಥೆ ಮುಗೀತು. ಮೋಸದಿಂದ ತಗೊಂಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದ ಮಾತು ಲೂಕ 19:8ರಲ್ಲಿದೆ, ಅದನ್ನು ಹೇಳಿ. ಮುಂದಿನ ಸಲ ಕಚ್ಚಿದವಳೇ ಐಸ್ ತಂದು ಅಣ್ಣನ ಕೈಗೆ ಹಿಡಿಯಲಿ. ಸಾರಿ ಆಮೇಲೆ ಬಂದರೂ ಪರವಾಗಿಲ್ಲ.

ಇನ್ನು ಮತ್ತಾಯ 18:15-17. ಮೊದಲು ತಪ್ಪು ಮಾಡಿದವನೊಬ್ಬನಿಗೇ ಹೋಗಿ ಹೇಳು, ಕೇಳದಿದ್ದರೆ ಇನ್ನೊಬ್ಬರು ಇಬ್ಬರನ್ನು ಕರ್ಕೊಂಡು ಹೋಗು, ಸಭೆ, ಅಂದರೆ ಚರ್ಚಿನವರೆಲ್ಲ, ಕೊನೆಗೆ. ನಮ್ಮ ಕ್ಲಾಸಲ್ಲಿ ಸಭೆಯೇ ಮೊದಲು! "ಮಿಸ್, ಇವನು ನನ್ನ ಕ್ರೆಯಾನ್ ಮುರಿದ." ನಾನು "ಅವನಿಗೆ ಹೇಳಿದ್ಯಾ?" ಅಂತ ಮಾತ್ರ ಕೇಳುತ್ತೇನೆ. ಎಷ್ಟೋ ಕೇಸು ಅಲ್ಲೇ ಮುಗಿಯುತ್ತವೆ. ಆದರೆ ಪೆಟ್ಟು ಬಿದ್ದರೆ, ದೊಡ್ಡವರು ಯಾರಾದರೂ ಕೈ ಮಾಡಿದರೆ ಈ ನಿಯಮ ಇಲ್ಲ, ಸೀದಾ ಬಂದು ಹೇಳಬೇಕು. ಇದನ್ನೂ ಕಲಿಸಿದ್ದೇನೆ.

ಕೊಪ್ಪಳದವ:
ಮನೆಯೊಳಗೆ ಸರಿ. ಹೊರಗೆ? ನನ್ನ ಮಗನಿಗೆ ಕ್ಲಾಸಿನ ಹುಡುಗನೊಬ್ಬ ದಿನಾ ತಲೆಗೆ ಮೊಟಕುತ್ತಿದ್ದ, ಇವನು ಇನ್ನೊಂದು ಕೆನ್ನೆ ಅಂತ ಸುಮ್ನೆ ಇರ್ತಿದ್ದ. ಹೇಳಿಕೊಟ್ಟವನು ನಾನೇ. ಆಮೇಲೆ ಯೋಹಾನ 18 ಓದುವಾಗ ಕಣ್ಣಿಗೆ ಬಿತ್ತು: ವಿಚಾರಣೆಯಲ್ಲಿ ಕಾವಲಿನವನು ಹೊಡೆದಾಗ ಯೇಸುಸ್ವಾಮಿ ತಿರುಗಿ ಹೊಡೆಯಲಿಲ್ಲ, ಬಾಯಿ ಮುಚ್ಚಿಕೊಂಡೂ ಇರಲಿಲ್ಲ. ಯಾಕೆ ಹೊಡೀತೀಯ ಅಂತ ಕೇಳಿದರು. ಈಗ ಮಗನನ್ನು ಕನ್ನಡಿ ಮುಂದೆ ನಿಲ್ಲಿಸಿ ಅದನ್ನೇ ಪ್ರಾಕ್ಟೀಸ್ ಮಾಡಿಸುತ್ತಿದ್ದೇನೆ. ದನಿ ಇನ್ನೂ ಸಣ್ಣದು.

ಗಂಗಾವತಿ ಅಜ್ಜಿ:
ಮಲಗುವ ಮುಂಚೆ ರಾಜಿ ಆಗಲೇಬೇಕು ಅಂತ ಹಠ ಹಿಡಿಯಬೇಡಮ್ಮ. ಸೂರ್ಯ ಮುಳುಗುವ ಮುಂಚೆ ಸಿಟ್ಟು ತೀರಲಿ ಅನ್ನುವ ಎಫೆಸ 4:26 ಹಿಡಕೊಂಡು ನಾನೂ ನಿದ್ದೆಗಣ್ಣಿನ ಮಕ್ಕಳಿಂದ ಸಾರಿ ಹೇಳಿಸಿದವಳೇ. ಆ ಮಾತು ಮೊದಲು ನಮಗೆ. ಒಂದು ಸಲ ಅನ್ನ ಸೀದ ಸಿಟ್ಟಿಗೆ ಮಗನ ಬೆನ್ನಿಗೆ ಬಾರಿಸಿದ್ದೆ, ಪಾಪ, ಅವನದೇನೂ ತಪ್ಪಿರಲಿಲ್ಲ. ರಾತ್ರಿ ಅವನ ಪಕ್ಕ ಕೂತು "ನಂದೇ ತಪ್ಪಪ್ಪಾ" ಅಂದೆ. ಗೋಡೆ ಕಡೆ ಮುಖ ಮಾಡಿ ಮಲಗಿದ್ದವನು ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕಾಲು ತಂದು ನನ್ನ ತೊಡೆ ಮೇಲೆ ಹಾಕಿದ.

ಕೂಲರಿಗೆ ಆದಿಕಾಂಡ 13 ಇದೆ ನೋಡು. ಇಬ್ಬರ ದನಕುರಿ ಕಾಯುವವರು ಹುಲ್ಲುಗಾವಲಿಗೆ ಜಗಳ ಆಡಿದಾಗ, ದೊಡ್ಡವನು ಅಬ್ರಾಮನೇ ಆದರೂ ಮೊದಲು ನೀನೇ ಆರಿಸು ಅಂತ ತನ್ನ ಸೋದರನ ಮಗ ಲೋಟನಿಗೆ ಬಿಟ್ಟ. ಲೋಟ ನೀರಿನ ಕಡೆಯನ್ನೇ ಆರಿಸಿದ ಅನ್ನೋದನ್ನೂ ಹೇಳು, ಮುಚ್ಚಿಡಬೇಡ. ಬಲವಂತ ಮಾತ್ರ ಬೇಡ.

ಕೌಲ್‌ಬಜಾರ್ ಅಮ್ಮ:
ಅಜ್ಜಿ, ನಿನ್ನೆ ರಾತ್ರಿ ಅಬ್ರಾಮನ ಕಥೆ ಹೇಳಿದೆ. ಮಗ ಬಹಳ ಹೊತ್ತು ಫ್ಯಾನ್ ನೋಡುತ್ತಾ ಮಲಗಿದ್ದು, ಆಮೇಲೆ "ನೀನೇ ಆರಿಸು" ಅಂದ. ಅವಳು ತಕ್ಷಣ ಕೂಲರ್ ಮುಂದೆ ಚಾಪೆ ಎಳೆದಳು. ನಡುರಾತ್ರಿ ಕರಕರ ಸದ್ದಾಯಿತು. ಎದ್ದು ನೋಡಿದರೆ ಇವನು ಕೂಲರನ್ನೇ ತನ್ನ ಕಡೆ ತಿರುಗಿಸುತ್ತಿದ್ದ. ನನ್ನನ್ನು ನೋಡಿ, "ಅರ್ಧ ಅಮ್ಮ, ಅರ್ಧ ಅಷ್ಟೇ" ಅಂದ.